ನಾಲ್ಕನೇ ಕುಳಿ

ನೀರಿನ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿತ್ತು,
ಕುದಿಯದೆಯೇ.
ಮಾವ ಮುಚ್ಚಳ ತೆಗೆದು ಮೂಸಿದ: ಹೊಗೆ ವಾಸನೆ.
"ಹೆಡ್ಡೇ ಸೀಳಿರಬೇಕು" ಅಂದ,
ಮನೆಯಲ್ಲಿ ಯಾರಿಗೋ ಜ್ವರ ಬಂದವನ ದನಿಯಲ್ಲಿ.

ಚಲ್ಯಾಪಾತಾದ ಹೊರವಲಯ. ರಾತ್ರಿ ಎಂಟಕ್ಕೇ
ಕೊಚ್ಚೆಯ ಮೇಲೆ ಗಾಜು ಕಟ್ಟುವ ಚಳಿ.
ಲಾರಿಯ ಬೆನ್ನ ಮೇಲೆ ಇಪ್ಪತ್ತೆಂಟು ಟನ್ ಸತುವಿನ ಅದಿರು,
ಮುಂದೆ ಚಿಲಿಯ ಗಡಿಯವರೆಗೂ ಏರು.

ಕಾಸಿಮಿರಾ ಬಂದಳು. ನೆರಿಗೆ ಲಂಗಗಳ ಮೇಲೆ ಗಂಡಸರ ಕೋಟು,
ಎರಡು ಜಡೆಗೂ ಸೇರಿ ಬೆನ್ನ ಹಿಂದೆ ಒಂದೇ ಗಂಟು,
ದವಡೆಯಲ್ಲಿ ಕೋಕಾ ಎಲೆಯ ಉಂಡೆ.
ಕಿವಿ ಅಷ್ಟಕ್ಕಷ್ಟೆ ಅವಳಿಗೆ.
ಉದ್ದನೆಯ ಸ್ಕ್ರೂಡ್ರೈವರನ್ನು ಇಂಜೆಕ್ಟರಿನ ನೆತ್ತಿಗೆ ಊರಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿದಳು.
ಒಂದು. ಎರಡು. ಮೂರು.
ನಾಲ್ಕರಲ್ಲಿ ಹುಬ್ಬು ಗಂಟಾಯಿತು.
"ಆರಿಸು."

ನನ್ನ ಕೆಲಸ ಟಾರ್ಚು ಹಿಡಿಯುವುದು, ಅಲುಗಾಡದಂತೆ.

ನೀರು ಬಸಿದೆವು. ಇಂಜೆಕ್ಟರ್ ಎಳೆದರೆ ಬರಲಿಲ್ಲ.
ಬಡಿಯಲಿಲ್ಲ ಅವಳು. ಎಣ್ಣೆ ಬಿಟ್ಟು, ಕಾದು,
ಎಡಕ್ಕೊಂದು ನೂಲು, ಬಲಕ್ಕೊಂದು ನೂಲು ತಿರುಗಿಸಿ
ಹಟದ ಮಗುವಿನ ಹಾಲುಹಲ್ಲಿನಂತೆ ಕಿತ್ತಳು.
ಮೂತಿಗೆಲ್ಲ ಅಡಿ ಹತ್ತಿದ ಪಾಯಸದಂಥ ಕರಕು.
ನಾನು ತಂತಿ ಬ್ರಷ್ ಚಾಚಿದೆ.
ಕೈಗೊಂದೇಟು ಬಿತ್ತು.
"ಕೂದಲೆಳೆಯ ತೂತುಗಳಿವೆ ಇದರಲ್ಲಿ, ಐದು.
ಕೆರೆದರೆ ಡೀಸೆಲ್ ಮಂಜಾಗುವುದಿಲ್ಲ,
ಕತ್ತೆ ಉಚ್ಚೆ ಹೊಯ್ದ ಹಾಗೆ ಸುರಿಯುತ್ತೆ."
ಡೀಸೆಲಿನಲ್ಲೇ ನೆನೆಸಿ, ಹಳೇ ಬನಿಯನ್ ತುಂಡಿನಿಂದ
ಒರೆಸಿದಳು, ಮತ್ತೆ ನೆನೆಸಿದಳು.

ಆಮೇಲೆ ಕುಳಿ.
ಒಳಗೆ ಬೆಂಕಿ, ಸುತ್ತಲೂ ನೀರು,
ನಡುವೆ ತಾಮ್ರದ ಒಂದು ಸ್ಲೀವ್. ನಾವು ಅಂಗಿ ಅನ್ನುತ್ತೇವೆ.
ಪಿಸ್ಟನ್ನಿನ ಮೇಲೆ ಕಸ ಬೀಳದಿರಲೆಂದು
ತಳಕ್ಕೆ ಮರದ ಬಿರಡೆ ಕೂರಿಸಿ
ಹಿತ್ತಾಳೆ ಬ್ರಷ್ಷನ್ನು ಹಗುರಾಗಿ ತಿರುವಿದಳು.
ತಾಮ್ರ ಮೆಲ್ಲಗೆ ಕೆಂಪಾಗುತ್ತ ಬಂತು,
ಒಂದು ಕಡೆ ಬಿಟ್ಟು.
ಹಲ್ಲಿನ ಡಾಕ್ಟರರ ಕನ್ನಡಿ ಇಳಿಸಿದಳು. "ಟಾರ್ಚು, ಇತ್ತ."
ವಾಷರ್ ಕೂರುವ ಅಂಚಿನಿಂದ ಮೇಲಕ್ಕೆ ಸವೆದ ಗೆರೆ,
ಉಗುರಿನುದ್ದ. ಬಿಸಿಗಾಳಿ ಕೊರೆದುಕೊಂಡ ಕಾಲುದಾರಿ,
ನೀರಿಗೆ ಹೋಗಿ ಮುಟ್ಟಿತ್ತು.
ಹೆಡ್ಡು ಗಟ್ಟಿಯಾಗಿಯೇ ಇತ್ತು.
ಮಾವ ನಕ್ಕ, ಟೋಪಿ ತೆಗೆದ, ಸಿಗರೇಟಿಗೆ ತಡಕಾಡಿದ.

ಕಾಸಿಮಿರಾ ನಗಲಿಲ್ಲ.
ಕಳಚಿಟ್ಟ ವಾಷರನ್ನು ಬೆಳಕಿಗೆ ಹಿಡಿದು ನಿಂತಿದ್ದಳು.
ಅಂಚಿನಲ್ಲಿ ಎರಡು ಚುಕ್ಕೆ, ಒಂದು ಗೀಟು:
ಅವಳದೇ ಗುರುತು.
"ಎಂಟು ವರ್ಷ ಆಯ್ತು.
ಆವತ್ತು ನಿನ್ನ ಹತ್ತಿರ ದುಡ್ಡಿರಲಿಲ್ಲ, ರುಫಿನೊ.
ಹಳೇದನ್ನೇ ಒಲೆಯಲ್ಲಿ ಕೆಂಪಗೆ ಕಾಯಿಸಿ, ತಣಿಸಿ ಹಾಕಿದ್ದೆ.
ಹೇಳಿರಲಿಲ್ಲ."
ಮಾವನಿಗೆ ನೆನಪಿರಲಿಲ್ಲ. ಅಥವಾ
ನೆನಪಿಲ್ಲದವನಂತೆ ಗುಡ್ಡದ ಕಡೆ ತಿರುಗಿದ.

ಹಳೆಯ ಅಂಗಿಗೆ ಒಳಗಿಂದ ಮರೆ ಕೊರೆದು ಬೋಲ್ಟು ಬಿಗಿದು ಎಳೆದಳು.
ಕೀರಲುತ್ತ ಬಂತು.
ಹೊಸ ಅಂಗಿ, ಹೊಸ ವಾಷರ್, ರಬ್ಬರಿನ ಬಳೆಗೆ ತುಸು ಸಾಬೂನು.
ನಸುಕಿಗೆ ಎಂಜಿನ್ ಕೆಮ್ಮಿತು, ಬಿಳಿ ಹೊಗೆ ಕಾರಿತು, ಹಿಡಿಯಿತು.
ಡಬ್ಬಿಯ ನೀರು ಕದಡಲಿಲ್ಲ.

ಮಾವ ನೋಟು ಎಣಿಸಿದ.
"ತಾಮ್ರದ್ದಷ್ಟು ಕೊಡು, ಕೂಲಿ ಬೇಡ" ಅಂದವಳು
ನನ್ನ ಕಡೆ ತಿರುಗಿ ಸ್ಕ್ರೂಡ್ರೈವರ್ ನೀಡಿದಳು.
"ಕಚ್ಚು."

ಕಚ್ಚಿದೆ. ಕೋಕಾ, ಡೀಸೆಲ್, ಉಪ್ಪು.
ಮರದ ಹಿಡಿಯಲ್ಲಿ ಅವಳ ಹಲ್ಲುಗಳು ಮಾಡಿದ ಗುಳಿಗಳಿದ್ದವು.
ನನ್ನವು ಅದರಲ್ಲೇ ಕೂತವು.
ತಲೆಬುರುಡೆಯೊಳಗೆ ಯಾರೋ
ಟಿಕ್ ಟಿಕ್ ಎಂದು ಬಾಗಿಲು ತಟ್ಟುತ್ತಿದ್ದರು,
ನಾಲ್ಕನೆಯವನೂ.