ಮೂರನೇ ನಂಬರಿನ ರಜೆ

ಬಂದರಿನ ಕಂಬಕ್ಕೆ ಮೂರನೇ ನಂಬರ್ ಏರಿಸಿದ ದಿನ
ಜಿಲ್ಲಾಧಿಕಾರಿಗಳು ಶಾಲೆಗೂ ರಜೆ ಕೊಟ್ಟರು.
ಕಡಲಿಗೆ ರಜೆ, ಮಗಳಿಗೆ ರಜೆ,
ಮೀನೇ ಇಲ್ಲದ ಮೇಲೆ ನನ್ನ ಬುಟ್ಟಿಗೂ ರಜೆ.
‘ಹಾಗಾದ್ರೆ ಬೋಟಿಗೇ ಬನ್ನಿ ಇಬ್ಬರೂ’ ಅಂದರು ಇವರು,
ಗೋವೆಗೆ ಕರೆದೊಯ್ಯುವವರ ಗತ್ತಿನಲ್ಲಿ.

ಹದಿನಾಲ್ಕು ವರ್ಷ ಈ ಬೋಟಿನ ಮೀನು ಮಾರಿದ್ದೇನೆ.
ಬಂಗಡೆಯ ಕಣ್ಣು ನೋಡಿ ಹೇಳಬಲ್ಲೆ
ಎಷ್ಟು ಹೊತ್ತು ಐಸಿನಲ್ಲಿತ್ತೆಂದು.
ಬೋಟು ಹತ್ತಿದ್ದು ಮಾತ್ರ ಇದೇ ಮೊದಲು.

ಬೈತಖೋಲದಲ್ಲಿ ಅಂದು ನೀರೇ ಕಾಣುತ್ತಿರಲಿಲ್ಲ.
ಮಲ್ಪೆಯವು, ರತ್ನಾಗಿರಿಯವು, ಕನ್ಯಾಕುಮಾರಿಯ ನೀಲಿ ಮೂತಿಯವು,
ಗಾಳಿಗೆ ಹೆದರಿ ಬಂದು ಗುಡ್ಡದ ಮರೆಗೆ
ಪಕ್ಕೆಗೆ ಪಕ್ಕೆ ಒತ್ತಿ ನಿಂತಿದ್ದವು.
ನಮ್ಮದು ಒಂಬತ್ತನೆಯದು;
ಎಂಟು ಮನೆಯ ಅಂಗಳ ತುಳಿದು ಹೋಗಬೇಕು.
ಒಂದರಲ್ಲಿ ಯಾರೋ ಹಲ್ಲುಜ್ಜುತ್ತಿದ್ದ,
ಇನ್ನೊಂದರಲ್ಲಿ ತಮಿಳಿನಲ್ಲಿ ಜಗಳ.
ಮಾತು ತಿಳಿಯದಿದ್ದರೂ ಸಾಲದ್ದೆಂದು ತಿಳಿಯಿತು.
ಪ್ರಣಾಲಿ ಆಡಿನ ಮರಿಯ ಹಾಗೆ ಹಾರಿ ಹೋದಳು.
ನಾನು ಸೀರೆ ಎತ್ತಿ ಕಟ್ಟಿ
ಒಂದೊಂದು ಟಯರಿಗೂ ಒಂದೊಂದು ದೇವರ ಹೆಸರಿಟ್ಟೆ.

ಇದು ಅಡುಗೆಮನೆ, ಅಂದರು. ಒಂದು ಸ್ಟೋವು,
ಸುತ್ತ ಕಬ್ಬಿಣದ ಸರಳು, ಪಾತ್ರೆ ಹಾರದ ಹಾಗೆ.
ಇದು ವಾಯರ್‌ಲೆಸ್ಸು. ಇದು ಮೀನು ತೋರಿಸುವ ಪರದೆ.
ಆಫ್ ಆಗಿದ್ದರಿಂದ ನನ್ನ ಮುಖವನ್ನಷ್ಟೇ ತೋರಿಸಿತು.
ಜಾರ್ಖಂಡದ ಹುಡುಗರು ನಮಗೆ ಜಾಗ ಬಿಟ್ಟು
ದಡದ ಶೆಡ್ಡಿಗೆ ಹೋಗಿದ್ದರು;
ಹಲಗೆಯ ಗೋಡೆಯಲ್ಲಿ ಮೊಳೆಯಿಂದ ಕೊರೆದ ಗೆರೆಗಳು,
ಐದೈದರ ಕಟ್ಟು. ದಿನವೋ, ಹಣವೋ, ಕೇಳಲಿಲ್ಲ.

‘ಇದು ನನ್ನ ಜಾಗ.’
ದನಿ ಯಾಕೋ ತಗ್ಗಿತು.
ಶವಕ್ಕೂ ಸಾಲದಷ್ಟು ಅಗಲದ ಹಲಗೆ,
ಅದಕ್ಕೆ ಪರದೆಯಾಗಿ ನನ್ನ ಹಸಿರು ಸೀರೆ.
ತಂತಿಯಿಂದ ಕಳುವಾಯಿತೆಂದು
ಪಕ್ಕದ ಮನೆಯ ದ್ರೌಪದಿಯೊಡನೆ
ಎರಡು ವರ್ಷ ಮಾತು ಬಿಟ್ಟಿದ್ದೆನಲ್ಲ, ಅದೇ.

ಸಂಜೆ ಮಲ್ಪೆಯವರು ‘ತಗೊಳ್ಳಿ ಮಾರಾಯ್ರೆ’ ಎಂದು ಬೊಂಡಾಸ ಕೊಟ್ಟರು.
ನಾನು ಗಂಜಿ ಬೇಯಿಸಿದೆ. ಗಂಜಿಯೂ ತೂಗುತ್ತಿತ್ತು.
‘ಅಪ್ಪಾ, ಇದು ಯಾವಾಗ ಹೊರಡ್ತದೆ?’
‘ಹೊರಡೋದಿಲ್ಲ. ಹೊರಡದೆ ಇರೋದೇ ಇವತ್ತು ಇದರ ಕೆಲಸ.’
ಅವಳಿಗೆ ಸಿಟ್ಟು ಬಂತು. ನನಗೆ ಆ ಮಾತು
ಉಪ್ಪಿನಕಾಯಿಯ ಹಾಗೆ ಊಟದುದ್ದಕ್ಕೂ ಸಾಕಾಯಿತು.

ರಾತ್ರಿ ಮಳೆ ಅಡ್ಡಡ್ಡ ಬಂತು.
ಹಗ್ಗಗಳು ಮುದುಕಿಯರಂತೆ ನರಳಿದವು,
ದೇವಗಡದ ದೀಪ ಬಂದು ಬಂದು
ನಮ್ಮ ತಲೆ ಎಣಿಸಿ ಹೋಗುತ್ತಿತ್ತು.
ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಎಚ್ಚರಾಗುವ ಮನುಷ್ಯ
ಇಲ್ಲಿ ಎಣ್ಣೆಯ ಕ್ಯಾನಿಗೆ ತಲೆಕೊಟ್ಟು ಗೊರಕೆ ಹೊಡೆಯುತ್ತಿದ್ದರು.
ಆದರೆ ಭರತಿ ತಿರುಗುವ ಹೊತ್ತಿಗೆ,
ಯಾರೂ ಕರೆಯದೆ, ಗಡಿಯಾರವಿಲ್ಲದೆ, ಎದ್ದರು.
ಪರದೆ ಸರಿಸಿ ನೋಡಿದೆ:
ಸಾಲಿನ ಬೋಟುಗಳಲ್ಲೆಲ್ಲ ಒಂದೊಂದು ನೆರಳು ಎದ್ದು
ತನ್ನ ತನ್ನ ಹಗ್ಗ ಮುಟ್ಟಿ ನೋಡುತ್ತಿತ್ತು.
‘ಗಣಬಾ, ಬೀಡಿ ಉಂಟಾ?’ ಅಂತ ಒಂದು ದನಿ.
ಬೆಂಕಿಕಡ್ಡಿ ಗೀರಿತು. ಆರಿತು.

ಮೂರನೇ ದಿನ ನಂಬರ್ ಇಳಿಸಿದರು.
ಎಂಟು ಅಂಗಳ ದಾಟಿ, ದಡ ಹತ್ತಿ, ಟೆಂಪೋ ಹಿಡಿದು,
ಮನೆಯ ಹೊಸ್ತಿಲಿಗೆ ಕಾಲಿಟ್ಟರೆ
ನೆಲ ಎದ್ದು ಬಂತು.
ಬಾಗಿಲ ಚೌಕಟ್ಟು ಹಿಡಿದು ನಿಂತೆ,
ಇವರು ಪ್ರತಿ ಸಲ ಬಂದಾಗ ನಿಲ್ಲುವ ಹಾಗೆಯೇ,
ನಾನು ಪ್ರತಿ ಸಲ ಹತ್ತಿರ ಹೋಗಿ
ಬಾಯಿ ಮೂಸುತ್ತಿದ್ದೆನಲ್ಲ, ಅದೇ ಜಾಗದಲ್ಲಿ.

ಅವರು ಚಪ್ಪಲಿ ಬಿಡುತ್ತ ನೋಡಿದರು. ನಗಲಿಲ್ಲ.
‘ಎರಡು ಮೂರು ದಿನ ಇರ್ತದೆ.
ಆಮೇಲೆ ನಿಲ್ತದೆ.’

ನಿಂತಿತು, ಶನಿವಾರ.
ಅವರು ಗುರುವಾರವೇ ಹೊರಟಿದ್ದರು.