ಎರಡು ಬೆರಳು ಗಾಳಿ

ಹಾಸನದ ಬಿ.ಎಂ. ರಸ್ತೆ, ಟೈರಂಗಡಿಯ ಪಕ್ಕ
ಮುನೀರನ ಸೋಲಾರ್ ಅಂಗಡಿ.
ಎದುರಿಗೆ ನಿಂತಿದೆ ನನ್ನ ವ್ಯಾನು,
ಶಾಲೆಯವರು ಹರಾಜಿಗಿಟ್ಟ ಹಳದಿ ಟೆಂಪೊ.
ಸೀಟು ಕಿತ್ತು ಮಂಚ ಕೂರಿಸಿದ್ದೇನೆ.
ಕಿಟಕಿ ಕೆಳಗೆ ಯಾವನೋ ಮೊಳೆಯಲ್ಲಿ ಕೊರೆದ
‘ಚಿರಾಗ್, ಐದನೇ ಬಿ’
ಹಾಗೇ ಇದೆ. ಇರಲಿ.

ಬೇಕಾದ್ದು ಹೆಚ್ಚೇನಿಲ್ಲ:
ಎರಡು ದೀಪ, ಒಂದು ಫ್ಯಾನು, ಮೊಬೈಲಿಗೆ ಚಾರ್ಜು,
ಮತ್ತೆ
ಇನ್ಸುಲಿನ್ ಇಡೋಕೆ ಮೊಣಕಾಲೆತ್ತರದ ಫ್ರಿಜ್ಜು.
ಇದನ್ನು ಕೊನೆಗೆ ಹೇಳಿದೆ, ಮೆಲ್ಲಗೆ,
ಸೀಟಿನಡಿ ಕೋಳಿ ಬಚ್ಚಿಟ್ಟ ಪ್ಯಾಸೆಂಜರಿನ ಹಾಗೆ.

ಮುನೀರ ಎರಡು ಥರ ತಂದು ಗೋಡೆಗೊರಗಿಸಿದ.
ಒಂದು ಬಾಳೆಲೆ ಹಾಗೆ ಬಳುಕೋದು.
ಎರಡೂವರೆ ಕೆಜಿ. ಗಮ್ಮು ಬಳಿದು ಅಂಟಿಸಿದರಾಯ್ತು,
ತಗಡಿಗೆ ತೂತಿಲ್ಲ, ಗಾಳಿಗೆ ಸದ್ದಿಲ್ಲ.
ಇನ್ನೊಂದು ಗಾಜಿನದು, ಅಲ್ಯುಮಿನಿಯಂ ಕಟ್ಟು,
ಎತ್ತಿದರೆ ಸೊಂಟ ತನ್ನ ವಯಸ್ಸು ಹೇಳುತ್ತೆ.

ನನಗೆ ಬಳುಕೋದೇ ಹಿಡಿಸಿತ್ತು, ಸುಳ್ಳೇಕೆ.

‘ಮೇಲೆ ಬನ್ನಿ’ ಅಂದ. ಏಣಿ ಹತ್ತಿದೆ.
ಅಂಗಡಿ ತಾರಸಿಯ ಮೂಲೆಯಲ್ಲಿ
ಅರಸೀಕೆರೆಯವರೊಬ್ಬರು ವಾಪಸು ತಂದ ಬಳುಕು ಪ್ಯಾನಲ್ಲು,
ಎರಡು ಬೇಸಿಗೆ ಕಂಡಿದೆ ಅಷ್ಟೆ.
ಹೆಂಚಿನ ಮೇಲೆ ಹಾಕಿ ಮರೆತ ದೋಸೆ:
ಕಂದು ಬೊಬ್ಬೆ, ಒಳಗೆ ಸುಟ್ಟ ಗೆರೆ.
‘ಕೆಳಗೆ ಕಾದ ತಗಡು, ಮೇಲೆ ಬಿಸಿಲು,
ನಡುವೆ ಉಸಿರಾಡೋಕೆ ಜಾಗ ಬೇಡ್ವಾ ಅಮ್ಮ?’

ಪಕ್ಕದಲ್ಲೇ ಗಾಜಿನದೊಂದು, ಹನ್ನೊಂದು ವರ್ಷದ್ದು.
ಕಾಗೆಹಿಕ್ಕೆ, ತೆಂಗಿನ ಗರಿ ಬಿದ್ದು ಸೊಟ್ಟಗಾದ ಅಂಚು.
ಮೀಟರು ಹಿಡಿದ.
‘ಹುಟ್ಟಿದಾಗ ನೂರು. ಈಗ ಎಂಬತ್ತೊಂಬತ್ತು.
ಇದೂ ಚಿರಂಜೀವಿಯಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೆ,
ಮೇಲಿಂದ ಧುಮುಕಲ್ಲ.’

ಮಳೆಗಲ್ಲು ಬಿದ್ದರೆ? ಕೇಳಿದೆ.
ಬೆರಳ ಗೆಣ್ಣಲ್ಲಿ ಗಾಜು ಕುಟ್ಟಿ ತೋರಿಸಿದ.
ದೋಣಿಗಾಲ್ ಗುಂಡಿಗಳಿಗೆ? ರಬ್ಬರ್ ವಾಷರ್ ಹಾಕ್ತೀನಿ.
ಗಿರಿಯ ಮಂಗಗಳಿಗೆ? ನಕ್ಕ. ಅದಕ್ಕೆ ವಾರಂಟಿ ಇಲ್ಲ.
ನೆರಳಿಗೆ ಮಾತ್ರ ಹುಷಾರು.
ಒಂದೆಲೆ ಬಿದ್ದರೂ ಇಡೀ ಸಾಲು ಮುನಿಸಿಕೊಳ್ಳುತ್ತೆ.
ಗೊತ್ತು ಬಿಡಪ್ಪ,
ಎರಡು ರೂಪಾಯಿ ಚಿಲ್ಲರೆಗೆ ಒಬ್ಬ ಜಗಳ ತೆಗೆದ ದಿನ
ಹಗರೆಯಲ್ಲಿ ಇಡೀ ಬಸ್ಸೇ ನಿಂತಿತ್ತು.

ಇಪ್ಪತ್ತೆರಡು ವರ್ಷ ಬೇಲೂರು ಲೈನು.
ಸೋಮವಾರ ಬೆಳಗ್ಗೆ ಐವತ್ತು ಸೀಟಿಗೆ ನೂರಹತ್ತು ಜನ.
ಒಂದು ಬೆನ್ನಿಗೂ ಒಂದು ಬ್ಯಾಗಿಗೂ ನಡುವೆ
ಎರಡು ಬೆರಳು ಸಂದು,
ಅದರಲ್ಲೇ ಓರೆಯಾಗಿ ತೂರಿದ್ದು, ಅದರಲ್ಲೇ ಉಸಿರಾಡಿದ್ದು.
‘ಮುಂದೆ ಹೋಗ್ರಿ, ಮುಂದೆ ಜಾಗ ಇದೆ!’
ಇರಲಿಲ್ಲ.
ಇಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.
ಹಾಗೆ ಯಾರ್ಯಾರ ಗಾಳಿ ಕಿತ್ತುಕೊಂಡೆನೋ.
ಕಂಬಿಗೆ ಹಣೆಯೊತ್ತಿ ನಿಂತ ಒಬ್ಬ ಬಸುರಿ
ಈಗಲೂ ಕಣ್ಣಿಗೆ ಕಟ್ಟುತ್ತಾಳೆ.

‘ಗಾಜಿನದಕ್ಕೆ ಇಪ್ಪತ್ತೈದು ವರ್ಷ ಗ್ಯಾರಂಟಿ’ ಅಂದ.
ಕೂಡಿದೆ. ರೂಢಿ, ಬಾಯಲ್ಲೇ ಆಗಿಹೋಗುತ್ತೆ.
ಅರವತ್ತೊಂದು, ಇಪ್ಪತ್ತೈದು.
ಎಂಬತ್ತಾರು.
‘ಹೆಸರು ಏನಂತ ಬರೀಲಿ?’
‘ಪುಟ್ಟನಂಜಮ್ಮ. ಕೆಳಗೆ ಒಂದು ಗೆರೆ ಖಾಲಿ ಬಿಡು.’
ಯಾಕೆಂದು ಅವನು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹುಡುಗರು ಜೋಡಿ ಪ್ಯಾನಲ್ ಕೂರಿಸಿದರು.
ನಾಲ್ಕು ನಾಲ್ಕು ಕಾಲು, ಬೋಲ್ಟು, ತೂತಿನ ಸುತ್ತ ಸೀಲು.
ಗಾಡಿ ಸ್ವಲ್ಪ ಗೂನಾದ ಹಾಗೆ ಕಂಡಿತು.
ದುಡ್ಡು ಎಣಿಸುವ ಮೊದಲು
ಏಣಿ ತರಿಸಿ ಮತ್ತೆ ಹತ್ತಿದೆ.
ಗಾಜಿಗೂ ತಗಡಿಗೂ ನಡುವೆ ಬೆರಳು ತೂರಿಸಿದೆ,
ಟಿಕೆಟ್ ಹರಿದು ಹರಿದು ಜಡ್ಡುಗಟ್ಟಿದ ಎರಡು ಬೆರಳು.

ಹೋದವು.
ಆಚೆಯಿಂದ ಸಣ್ಣಗೆ ಗಾಳಿ ತಾಗಿತು.
ಮೂರನೆಯದಕ್ಕೆ ಜಾಗವಿರಲಿಲ್ಲ. ಸಾಕು.