ಒಂಬತ್ತನೇ ಕೋಣೆ

ಏಳೂವರೆಗೆ ಪಾಳಿ ಬದಲು.
ಆಸ್ಪತ್ರೆ ಗುಡ್ಡದ ಮೇಲೆ; ಕೆಳಗೆ ಶೆಫೀಲ್ಡ್,
ತಿರುವಿನಲ್ಲಿ ಟ್ರಾಮು ಕಿರ್ರೆನ್ನುತ್ತದೆ.

ಒಂಬತ್ತನೇ ಕೋಣೆಗೆ ಎರಡು ಬಾಗಿಲು.
ಒಂದು ಮುಚ್ಚದೆ ಇನ್ನೊಂದು ತೆಗೆಯುವಂತಿಲ್ಲ.
ನಡುವೆ ಮೂರು ಹೆಜ್ಜೆ ಜಾಗ,
ಅಲ್ಲಿ ನಿಂತು ಉಡುತ್ತೇನೆ:
ಕೈ ತೊಳೆ. ನಿಲುವಂಗಿ. ಮಾಸ್ಕು.
ಮೂಗಿನ ಮೇಲಿನ ತಂತಿ ಒತ್ತು, ಜೋರಾಗಿ ಉಸಿರು ಬಿಡು,
ಸೋರುತ್ತಿಲ್ಲ ತಾನೆ?
ಕನ್ನಡಕ. ಕೈಗವಸು.

ಎರಡು ವರ್ಷಕ್ಕೊಮ್ಮೆ ಈ ಮಾಸ್ಕಿಗೆ ಪರೀಕ್ಷೆ.
ತಲೆಗೊಂದು ಚೀಲ ಕವುಚಿ, ಒಳಗೆ ಕಹಿನೀರು ಸಿಂಪಡಿಸಿ
ಕೇಳುತ್ತಾರೆ: ಕಹಿ ಗೊತ್ತಾಯಿತೆ?
ಇಲ್ಲ ಅಂದರೆ ಪಾಸು.
ಫೋನಿನಲ್ಲಿ ಹೇಳಿದಾಗ ಅವ್ವ ನಕ್ಕೂ ನಕ್ಕೂ ಕೇಳಿದಳು,
ಯಾವ ದೇಶಾನೇ ಅದು,
ಕಹಿ ಗೊತ್ತಾಗದ್ದಕ್ಕ ಪಗಾರ ಕೊಡೂದು?

ಎದೆಗೆ ಟೇಪು ಅಂಟಿಸಿ ದಪ್ಪಕ್ಷರದಲ್ಲಿ ಬರೆಯುತ್ತೇನೆ: ದ್ಯಾಮವ್ವ.
ಒಬ್ಬರ ನಾಲಿಗೆಗೂ ಹೊರಳದು.
"ಬಾ ಡಕ್" ಅನ್ನುತ್ತಾನೆ ಸ್ಟ್ಯಾನಿಫೋರ್ತ್.
ಈ ಊರಲ್ಲಿ ಅಕ್ಕರೆ ಬಂದರೆ ಬಾತುಕೋಳಿ.
ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ
ಹಾಗೆ ಕರೆಯದಿದ್ದರೆ ಏನೋ ತಪ್ಪಾಯಿತೆ ಎಂದು ಮುಖ ನೋಡುತ್ತೇನೆ.

ಎಂಬತ್ತೊಂದು ವರ್ಷ. ನಲವತ್ತು ಅದರಲ್ಲಿ
ಚಾಕು ಮಸೆಯುವ ಚಕ್ರದ ಮುಂದೆ.
ಕಲ್ಲಿನ ಪುಡಿ ಅವನ ಪುಪ್ಪುಸದಲ್ಲಿ ಎಂದೋ ಮನೆ ಕಟ್ಟಿತ್ತು,
ಕ್ಷಯ ಬಂದದ್ದು ಆಮೇಲೆ, ಬಾಡಿಗೆಗೆ.

ಮೊದಲ ದಿನವೇ ತಿಳಿಸಿದ್ದೆ:
ಈ ಕೆಂಪು ಮಾತ್ರೆಗೆ ಮೂತ್ರ ಕಿತ್ತಳೆಯಾಗುತ್ತದೆ,
ಬೆವರೂ, ಕಣ್ಣೀರೂ. ಹೆದರಬೇಡ.
"ಕಣ್ಣೀರು ನನಗೆ ಸಂಬಂಧವಿಲ್ಲ.
ಮೂತ್ರದ್ದು ಬರೆದುಕೋ."

ಊಟದ ಹುಡುಗಿ ಒಳಗೆ ಬರುವುದಿಲ್ಲ.
ಹೊರಗಿನ ಕಟ್ಟೆಯ ಮೇಲೆ ತಟ್ಟೆ ಇಟ್ಟು
ಎರಡು ಸಲ ಬಾಗಿಲು ಬಡಿದು ಹೋಗುತ್ತಾಳೆ.
ಆ ಸದ್ದಿಗೆ ಅವನು ಗೋಡೆಯ ಕಡೆ ಮಗ್ಗುಲಾಗುತ್ತಾನೆ.

ನನಗೆ ಗೊತ್ತಿರುವ ಗೋಡೆ ಬೇರೆ.
ನಮ್ಮೂರ ಹೋಟೆಲಿನ ಹಿಂಬದಿ, ಸೊಂಟದೆತ್ತರಕ್ಕೊಂದು ಗೂಡು,
ಗೂಡಿನಲ್ಲಿ ನಮ್ಮ ಓಣಿಯ ಲೋಟ.
ಆಯಿ ಅದನ್ನು ತಾನೇ ತೊಳೆದು ನೆಲಕ್ಕಿಟ್ಟು
ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.
ಚಾ ಮೇಲಿನಿಂದ ಬೀಳುತ್ತಿತ್ತು.

ಇಲ್ಲಿ ಬಾಗಿಲ ಹಲಗೆಯ ಮೇಲೆ ನೀಲಿ ಶಾಯಿ:
ಇಪ್ಪತ್ತೆರಡಕ್ಕೆ ಹೊರಗೆ.
ಈ ದೂರಕ್ಕೊಂದು ತಾರೀಖಿದೆ, ಸ್ಟ್ಯಾನಿಫೋರ್ತ್,
ಅನ್ನಬೇಕೆನಿಸಿತು. ಅನ್ನಲಿಲ್ಲ.
ತಟ್ಟೆ ತಂದು, ಸೂಪಿನ ಮುಚ್ಚಳ ತೆಗೆದು,
ಹಾಸಿಗೆಯ ಅಂಚಿನಲ್ಲಿ ಕೂತೆ.
ಕೂರಬಾರದು. ಕೂತೆ.

ರಾತ್ರಿ ಮೂರಕ್ಕೆ ಕೈಪಟ್ಟಿ ಬದಲಿಸುವಾಗ
ಕತ್ತರಿ ಎರಡು ಸಲ ಜಾರಿತು.
"ಇಲ್ಲಿ ಕೊಡು."
ಅಲಗಿನ ಅಡ್ಡಕ್ಕೆ ಹೆಬ್ಬೆರಳು ಎಳೆದ,
ಕೂಸಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.
"ಯಾರು ಮಸೆದದ್ದು ಇದನ್ನ? ನಾಚಿಕೆಯಾಗಬೇಕು."
ದೀಪದ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ
ತಿರುಪಿನ ಪಕ್ಕದ ಅಕ್ಷರ ಓದಿದ:
ಪಾಕಿಸ್ತಾನ.
"ಶೆಫೀಲ್ಡಿಗೆ!" ಅಂದ. "ಶೆಫೀಲ್ಡಿಗೆ ಕತ್ತರಿ!"
ನಗು ಎದ್ದಿತು, ನಗು ಕೆಮ್ಮಾಯಿತು,
ಕೆಮ್ಮು ಅವನನ್ನು ಮಡಚಿ ಹಾಕಿತು.
ಬೆನ್ನು ನೀವುತ್ತಾ ನಿಂತೆ; ಗವಸಿನ ಕೆಳಗೆ
ಒಂದೊಂದೇ ಬೆನ್ನೆಲುಬು.

ಒರಗಿದಾಗ ದಿಂಬಿನ ಮೇಲೆ
ಎರಡು ಕಿತ್ತಳೆ ಚುಕ್ಕೆ.
ನೋಡಿದ. ನಾನೂ ನೋಡಿದೆ.
"ಮಾತ್ರೆಯದ್ದು," ಅಂದ.
"ಮಾತ್ರೆಯದ್ದೇ," ಅಂದೆ.
"ಆ ಕತ್ತರಿ ನಾಳೆ ತಾ. ಒಂದು ಕಲ್ಲು ಸಿಕ್ಕರೆ ಸಾಕು,
ಕೂದಲು ಸೀಳುವ ಹಾಗೆ ಮಾಡಿಕೊಡುತ್ತೇನೆ."

ಕಳಚುವುದಕ್ಕೂ ಕ್ರಮವಿದೆ.
ಗವಸು ಒಳಮಗ್ಗುಲು ಹೊರಗಾಗಿ, ನಿಲುವಂಗಿ ಸುರುಳಿಯಾಗಿ,
ಟೇಪಿನೊಂದಿಗೆ ನನ್ನ ಹೆಸರೂ.
ಮಾಸ್ಕು ಎಲ್ಲಕ್ಕಿಂತ ಕೊನೆಗೆ.
ಪೊಟ್ಟಣದಲ್ಲಿ ಬರುವ ಕತ್ತರಿ ಅದು,
ಒಂದು ಸಲ ಬಳಸಿ ಎಸೆಯುವಂಥದ್ದು.
ಹಳದಿ ಡಬ್ಬಿಯ ಬಾಯಿಗೆ ಹಾಕಿದೆ,
ಸದ್ದಾಗದಂತೆ.